ಕೊನೆಗೆ ಹತ್ತಿದವರು

ಏಳು ಜನರ ತೂಕಕ್ಕೆ ಸರಿಯಾಗಿ ಕಬ್ಬಿಣದ ಗಟ್ಟಿಗಳನ್ನು ಲಿಫ್ಟಿನ ಒಳಗೆ ಗೋಡೆಗುಂಟ ಜೋಡಿಸಿ, ಎಂಟನೆಯವನಾಗಿ ತಾನೇ ನಿಂತುಕೊಂಡು, ಅವನು ಆರನೇ ಮಹಡಿಯ ಗುಂಡಿ ಒತ್ತಿದ. ಶನಿವಾರ ಬೆಳಗಿನ ಎಂಟು ಗಂಟೆ. ಕಟ್ಟಡದ ಆಫೀಸುಗಳಿಗೆಲ್ಲ ಇನ್ನೂ ಬೀಗ. ಮೇಲೆಲ್ಲೋ ಉಕ್ಕಿನ ಹಗ್ಗ ಸುತ್ತಿಕೊಳ್ಳುವ ಸದ್ದು, ಅಂಗಾಲಿಗೆ ತಾಗುವ ಸಣ್ಣ ನಡುಕ. ಬಾಗಿಲ ಸಂದಿಯಲ್ಲಿ ಒಂದೊಂದು ಮಹಡಿಯ ಬೆಳಕೂ ಗೆರೆಯಾಗಿ ಕೆಳಗಿಳಿದು ಹೋಗುತ್ತಿತ್ತು. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ಯಾವ ಲಿಫ್ಟು ಎಷ್ಟು ಜನರನ್ನು ಹೊರಬಲ್ಲದು ಎಂದು ಪರೀಕ್ಷೆ ಮಾಡಿ, ಸಹಿ ಹಾಕಿ, ಒಳಗೋಡೆಗೆ ತಗಡು ಹೊಡೆಸುವುದು. ಎಂಟು ಜನ, ಐನೂರ ನಲವತ್ತನಾಲ್ಕು ಕಿಲೋ. ದಪ್ಪಗಿದ್ದವರಿಗೂ ಕಡ್ಡಿಯಂತಿದ್ದವರಿಗೂ ತಲೆಗೆ ಅರವತ್ತೆಂಟೇ ಲೆಕ್ಕ. ಎಲ್ಲಿಗೆ ಹೋದರೂ ಬಾಗಿಲಲ್ಲೇ ನಿಂತು ಒಳಗಿರುವ ಜನರನ್ನು ಅರವತ್ತೆಂಟರಿಂದ ಗುಣಿಸಿ ನೋಡುವ ಚಾಳಿ ಅವನಿಗೆ ಅಂಟಿಕೊಂಡು, ಆಫೀಸಿನಲ್ಲಿ ಅರವತ್ತೆಂಟು ಎಂದೇ ಹೆಸರಾಗಿತ್ತು. ಅರವತ್ತೆಂಟು ಬಂತು, ಅರವತ್ತೆಂಟಕ್ಕೂ ಒಂದು ಟೀ ಹೇಳಿ ಎನ್ನುತ್ತಿದ್ದರು. ಅದರಿಂದ ಅವನಿಗೇನೂ ಬೇಜಾರಿರಲಿಲ್ಲ. ನಾಲ್ಕನೇ ಮಹಡಿ ದಾಟುವಾಗ ಕಣ್ಣು ತೂಗಿತು. ಆ ಮಂಪರಿನಲ್ಲಿ ಗಟ್ಟಿಗಳ ಗುಂಪುಗಳೆಲ್ಲ ಭುಜ ಇಳಿಬಿಟ್ಟು ನಿಂತ ಮನುಷ್ಯರಾದವು. ಮೂಲೆಯದು ಹೆಂಡತಿ, ಪಕ್ಕದ್ದು ಮಗಳು. ಬಾಗಿಲಿಗೆ ತೀರಾ ಹತ್ತಿರ, ಆತುಕೊಳ್ಳಲು ಗೋಡೆಯೂ ಇಲ್ಲದೆ ನಿಂತ ಒಂದು ಮಾತ್ರ ಅವನ ಕಡೆ ಬೆನ್ನು ಮಾಡಿತ್ತು. ಅದು ಯಾರೆಂದು ಅವನಿಗೆ ಗೊತ್ತಿತ್ತು. ಇತ್ತ ತಿರುಗಲಿ ಎಂದು ಕಾಯುತ್ತಿರುವಾಗ ಲಿಫ್ಟು ನಿಂತು ಬಾಗಿಲು ತೆರೆಯಿತು.

ಕೆಳಗೆ ಬಂದ ಮೇಲೆ ಒಂಬತ್ತನೆಯವರ ಪಾಲಿನ ಗಟ್ಟಿಗಳನ್ನೂ ಒಳಗಿಟ್ಟ. ಕೊನೆಯದನ್ನು ಇಡುತ್ತಿದ್ದಂತೆ ಗಂಟೆ ಹೊಡೆದುಕೊಂಡಿತು, ಬಾಗಿಲು ಮುಚ್ಚಲು ಒಪ್ಪಲಿಲ್ಲ. ಸರಿಯಾಗಿದೆ ಎಂದು ಹಾಳೆಯಲ್ಲಿ ಗುರುತು ಹಾಕಿದ. ಗಂಟೆ ಹೊಡೆದರೆ ಏನು ಮಾಡಬೇಕೆಂದು ಯಾವ ತಗಡಿನ ಮೇಲೂ ಬರೆದಿರುವುದಿಲ್ಲ. ಆದರೆ ಎಲ್ಲರಿಗೂ ಗೊತ್ತು, ಕೊನೆಗೆ ಹತ್ತಿದವರು ಇಳಿಯಬೇಕು. ಹಾಗೆ ಇಳಿಯುವವರನ್ನು ಅವನು ನೂರಾರು ಸಲ ನೋಡಿದ್ದಾನೆ. ಒಬ್ಬರೂ ಸಿಟ್ಟಾಗುವುದಿಲ್ಲ. ಪರವಾಗಿಲ್ಲ ಹೋಗಿ ಎಂದು ನಗುತ್ತಾರೆ. ಬಾಗಿಲು ಪೂರ್ತಿ ಮುಚ್ಚುವವರೆಗೂ ಆ ನಗುವನ್ನು ಮುಖದ ಮೇಲೆ ಹಿಡಿದುಕೊಂಡಿರುತ್ತಾರೆ. ಆಮೇಲೆ ಆ ಮುಖ ಏನಾಗುತ್ತದೆ ಎಂಬುದು ಒಳಗಿದ್ದವರಿಗೆ ಗೊತ್ತಾಗುವುದಿಲ್ಲ. ಅವನು ಎಷ್ಟೋ ಸಲ ಅದನ್ನೇ ಯೋಚಿಸುತ್ತಿದ್ದ. ಇವತ್ತು ಅದನ್ನೆಲ್ಲ ಯೋಚಿಸುವ ಹಾಗಿರಲಿಲ್ಲ. ಹನ್ನೊಂದಕ್ಕೆ ಶೋರೂಮಿಗೆ ಹೋಗಿ ಎರಡರಲ್ಲಿ ಒಂದನ್ನು ಆರಿಸಲೇಬೇಕಿತ್ತು. ಏಳು ಸೀಟಿನ ದೊಡ್ಡ ಎಸ್‌ಯುವಿ ಒಂದು. ಇನ್ನೊಂದು ಐದು ಸೀಟಿನ ಪ್ಲಗ್-ಇನ್ ಹೈಬ್ರಿಡ್. ಅರ್ಧ ಕರೆಂಟು, ಅರ್ಧ ಪೆಟ್ರೋಲು. ಹಳೆಯ ಕಾರನ್ನು ಮೊನ್ನೆಯೇ ಶೋರೂಮಿನವರಿಗೆ ಕೊಟ್ಟಾಗಿತ್ತು. ಎರಡನ್ನೂ ಅವನ ಹೆಸರಿಗೆ ಹಿಡಿದಿಟ್ಟಿದ್ದಾರೆ, ಇವತ್ತು ಒಂದನ್ನು ಬಿಟ್ಟುಕೊಡಬೇಕು. ಮೂರು ತಿಂಗಳಿಂದ ಅವನು ಎರಡು ದೋಣಿಯ ಮೇಲೆ ಕಾಲಿಟ್ಟುಕೊಂಡೇ ಇದ್ದ.

ಮನೆಯಲ್ಲಿ ಹೆಂಡತಿ, ಮಗಳು ಇಬ್ಬರದೂ ಸಣ್ಣದರ ಕಡೆಗೇ ಮತ. ಹೆಂಡತಿ ಹಲ್ಲಿನ ಆಸ್ಪತ್ರೆಯಲ್ಲಿ ಕಟ್ಟುವ ಹಲ್ಲಿಗೆ ಬಾಯಿಯ ಅಚ್ಚು ತೆಗೆಯುವವಳು. ಬಾಯಿಗೆ ತಕ್ಕ ಹಲ್ಲು, ಮನೆಗೆ ತಕ್ಕ ಕಾರು ಎಂಬುದು ಅವಳ ವಾದ. ಹದಿನಾಲ್ಕು ವರ್ಷದ ಮಗಳಿಗೆ ಹೊಗೆ ಕಂಡರಾಗದು. ಫೋನ್ ಥರ ಪ್ಲಗ್ ಹಾಕಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ರೆಡಿ ಎಂದು ಒಂದು ವಾರದಿಂದ ಅಪ್ಪನ ತಲೆ ತಿನ್ನುತ್ತಿದ್ದಳು. ಅಪಾರ್ಟ್‌ಮೆಂಟಿನ ಕೆಳಗೆ ಪ್ಲಗ್ ಹಾಕುವ ಜಾಗ ಲಿಫ್ಟಿನ ಲೈನಿಗೆ ಸೇರಿದ್ದು ಎಂದು ಅವನು ಒಂದು ತಕರಾರು ತೆಗೆದಿದ್ದ. ಮಗಳು ಕಾರ್ಯದರ್ಶಿಯ ಬಳಿ ಹೋಗಿ ಬೇರೆ ಲೈನಿಗೆ ಒಪ್ಪಿಗೆ ಬರೆಸಿಕೊಂಡೇ ಬಂದಳು. ಈಗ ಅವನ ಕೈಯಲ್ಲಿ ಯಾವ ನೆಪವೂ ಉಳಿದಿರಲಿಲ್ಲ. ಆದರೂ ಅವನು ತಲೆ ತಗ್ಗಿಸಿಕೊಂಡು ದೊಡ್ಡದೇ ಇರಲಿ ಅನ್ನುತ್ತಿದ್ದ. ಇವತ್ತು ಬೆಳಗ್ಗೆ ಅವನ ಅಂಗಿಗೆ ಇಸ್ತ್ರಿ ಹಾಕುತ್ತಾ ಹೆಂಡತಿ ಕೇಳಿದಳು, "ಏಳು ಸೀಟು ಯಾರಿಗ್ರೀ? ನಾವಿರೋದೇ ಮೂರು ಜನ. ಮಿಕ್ಕಿದ್ದರಲ್ಲಿ ನಿಮ್ಮ ಕಬ್ಬಿಣ ಕೂರಿಸ್ತೀರಾ?" ಮಗಳು ಕಿಸಕ್ಕನೆ ನಕ್ಕಳು. ಅವನೂ ನಕ್ಕ. ಯಾರಿಗೆ ಎಂಬ ಪ್ರಶ್ನೆಗೆ ಒಂದೇ ಪದದ ಉತ್ತರ ಅವನ ನಾಲಿಗೆಯ ತುದಿಯಲ್ಲಿ ಮೂರು ತಿಂಗಳಿಂದ ಕೂತಿತ್ತು. ಅಕ್ಕನಿಗೆ. ಅದನ್ನು ಆಡಿದರೆ ಅದರ ಹಿಂದೆ ಉಳಿದದ್ದೆಲ್ಲ ಬಾಯಿಗೆ ಬರುತ್ತದೆ ಎಂದು ಹೆದರಿ, ಊರಿಂದ ಯಾರಾದರೂ ಬಂದರೆ ಎಂದೇನೋ ಗೊಣಗಿ ಅಂಗಿ ತೊಟ್ಟುಕೊಂಡ. ಊರಿಂದ ಬರುವವರು ಯಾರೂ ಇಲ್ಲವೆಂದು ಅವಳಿಗೂ ಗೊತ್ತಿತ್ತು. ಅವಳು ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು, ತಂತಿ ಸುತ್ತಿಟ್ಟಳು.

ಅಕ್ಕ ಅವನಿಗಿಂತ ಹದಿನಾರು ವರ್ಷ ದೊಡ್ಡವಳು. ಅಮ್ಮ ಸತ್ತಾಗ ಅವನಿಗೆ ಆರು. ಅಕ್ಕ ಅದೇ ವರ್ಷ ಬಸ್ ಕಂಡಕ್ಟರ್ ಕೆಲಸಕ್ಕೆ ಸೇರಿದಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಶಾಲೆ ಬಿಟ್ಟ ಮೇಲೆ ಅವಳ ಬಸ್ಸು ಶಾಲೆಯ ಮುಂದೆ ಬರುವವರೆಗೂ ಕಾದು ಹತ್ತಿಬಿಡುತ್ತಿದ್ದ. ಬಾಗಿಲ ಪಕ್ಕದ ಒಂಟಿ ಸೀಟು ಕಂಡಕ್ಟರಿನದು. ಅದರಲ್ಲಿ ಅವನನ್ನು ಕೂರಿಸಿ ಅವಳು ನಿಂತಿರುತ್ತಿದ್ದಳು. ಪಾಳಿ ಮುಗಿಯುವವರೆಗೆ ಅಲ್ಲೇ ಅವನ ಮಗ್ಗಿ, ಅಲ್ಲೇ ಕಾಪಿ ಪುಸ್ತಕ, ಅಲ್ಲೇ ನಿದ್ದೆ. ಅವನಿಗೂ ಪ್ರತಿದಿನ ಒಂದು ಅರ್ಧ ಟಿಕೆಟ್ ಹರಿದು ಪುಸ್ತಕದೊಳಗೆ ಇಡುತ್ತಿದ್ದಳು. ಚೆಕಿಂಗಿನವರು ಬಂದರೆ ತನ್ನ ತಮ್ಮ ತಲೆತಗ್ಗಿಸಬಾರದು ಎಂದು. ಬಸ್ಸು ತುಂಬಿ ತುಳುಕುತ್ತಿದ್ದರೂ ನಿಲ್ದಾಣದಲ್ಲಿ ಕೈ ಒಡ್ಡಿದವರನ್ನು ಅವಳು ಬಿಟ್ಟು ಹೋದದ್ದನ್ನು ಅವನು ಕಂಡಿಲ್ಲ. ಒಳಗೆ ಹೋಗಿ, ಒಳಗೆ ಜಾಗ ಇದೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಎನ್ನುತ್ತಾ ಅಕ್ಕ ಜನರ ನಡುವೆ ಭುಜ ಓರೆ ಮಾಡಿಕೊಂಡು ಹೋದರೆ ಎಲ್ಲಿಂದಲೋ ಜಾಗ ಹುಟ್ಟುತ್ತಿತ್ತು. ಆಮೇಲೆ ಬಸ್ಸಿನ ಮೈಗೆ ಅಂಗೈಯಿಂದ ಎರಡೇಟು ಹಾಕಿ ರೈಟ್ ಎನ್ನುವಳು. ನಿದ್ದೆಗಣ್ಣಿನಲ್ಲಿ ಆ ಎರಡೇಟು ಕೇಳಿದರೆ ಅವನಿಗೆ ಎಲ್ಲರೂ ಹತ್ತಿದರು, ಇನ್ನು ಹೆದರಿಕೆಯಿಲ್ಲ ಅನ್ನಿಸುತ್ತಿತ್ತು. ಈಗಲೂ ಕೆಲವು ಬೆಳಗಿನ ಜಾವ ಅದು ಕೇಳಿದಂತಾಗಿ ಏಳುತ್ತಾನೆ. ಎದ್ದರೆ ಗೋಡೆಯಾಚೆ ಲಿಫ್ಟು ನಿಂತ ಸದ್ದು.

ಶೋರೂಮಿನ ನೆಲ ಎಷ್ಟು ನುಣ್ಣಗಿತ್ತೆಂದರೆ ಕಾರುಗಳೆಲ್ಲ ತಲೆಕೆಳಗಾಗಿಯೂ ನಿಂತಿದ್ದವು. ಗಾಜಿನ ಗೋಡೆಯಿಂದ ಬಿದ್ದ ಬಿಸಿಲಿನಲ್ಲಿ ಒಂದು ಕಣವೂ ಧೂಳಿರಲಿಲ್ಲ. ಶೋರೂಮಿನವನು ಟೈ ಕಟ್ಟಿಕೊಂಡ ನಡುವಯಸ್ಸಿನ ಮನುಷ್ಯ. ರೋಗಿಯ ಕಡೆಯವರಿಗೆ ಹೇಳುವಂತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. ಹೆಂಡತಿ, ಮಗಳು ಮೊದಲೇ ಬಂದು ಕಾಯುತ್ತಿದ್ದರು. ದೊಡ್ಡದನ್ನು ನೋಡಿದಾಗ ಇವನ ಎದೆ ಪ್ರತಿಸಲದಂತೆ ಹಗುರಾಯಿತು. ಇಷ್ಟು ಜಾಗವಿದ್ದರೆ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಏಳನ್ನು ಅರವತ್ತೆಂಟರಿಂದ ಗುಣಿಸಿದ, ನಾನೂರ ಎಪ್ಪತ್ತಾರು. ಈ ಕಾರು ಮನೆ ಮುಂದೆ ನಿಂತ ಶನಿವಾರ ತಾನು ಅಕ್ಕನ ಬೀದಿಗೆ ಹೋಗಿ, ಹಾರ್ನ್ ಮಾಡದೆ ಇಳಿದು, ಬಾಗಿಲು ತೆರೆದು ಹಿಡಿಯುತ್ತೇನೆ. ಅವಳು ಚೀಲ ಮಡಿಲಲ್ಲಿಟ್ಟುಕೊಂಡು ಹತ್ತುತ್ತಾಳೆ. ಇಷ್ಟೇ ಕನಸು. ಇದನ್ನು ಅವನು ಲಿಫ್ಟುಗಳಲ್ಲಿ ಮೇಲೆ ಹೋಗುತ್ತಾ ಕೆಳಗೆ ಬರುತ್ತಾ ಎಷ್ಟು ಸಲ ಕಂಡಿದ್ದನೆಂದರೆ, ಆಗಲೇ ಆಗಿಹೋದ ಸಂಗತಿಯೇನೋ ಎಂದು ಒಂದೊಂದು ಸಲ ಭ್ರಮೆಯಾಗುತ್ತಿತ್ತು. ಹನ್ನೊಂದು ವರ್ಷದಿಂದ ಅಕ್ಕ ಅವನ ಕಾರು ಹತ್ತಿರಲಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ತಪ್ಪದೆ ಮನೆಗೆ ಬರುತ್ತಾಳೆ, ಮಗಳ ಜಡೆ ಹೆಣೆಯುತ್ತಾಳೆ, ಊಟ ಮಾಡುತ್ತಾಳೆ, ಹೆಂಡತಿಯೊಡನೆ ಹರಟುತ್ತಾಳೆ. ಹೊರಟಾಗ ಬಿಟ್ಟುಬರುತ್ತೇನೆ ಎಂದು ಅವನು ಕೀಲಿಗೆ ಕೈ ಹಾಕಿದರೆ ಮಾತ್ರ, ನನಗೆ ಪಾಸಿದೆಯಲ್ಲೋ ಮರಿ ಎನ್ನುತ್ತಾಳೆ. ನಿವೃತ್ತ ಕಂಡಕ್ಟರಿಗೆ ಕೊಟ್ಟ ಬಸ್ ಪಾಸು. ಅದನ್ನು ತೆಗೆದು ತೋರಿಸಿಯೂ ತೋರಿಸುತ್ತಾಳೆ, ಇವನೇ ಚೆಕಿಂಗಿನವನೋ ಎಂಬಂತೆ. ಅದರಲ್ಲಿ ಒಂದಿಷ್ಟೂ ಮುನಿಸು ಕಾಣುವುದಿಲ್ಲ.

ಹಿಂದಿನ ಸಾಲಿನಲ್ಲಿ ಕೂತು ನೋಡುತ್ತೇನೆ ಎಂದ. ನಡುಸೀಟನ್ನು ಮಡಚಿ, ತಲೆ ಬಗ್ಗಿಸಿ, ಒಂದು ಮೊಣಕಾಲೂರಿ ತೆವಳಿಕೊಂಡು ಹೋಗಿ ಮೂರನೇ ಸಾಲಿನಲ್ಲಿ ಕೂತ. ಮೊಣಕಾಲು ಎದೆಗೆ ಬಂತು. ಶೋರೂಮಿನವನು ನಡುಸೀಟನ್ನು ಮತ್ತೆ ಹಿಂದಕ್ಕೆ ತಳ್ಳಿ ಟಪ್ಪೆಂದು ಕೂರಿಸಿದ. ಒಳಗೆ ಹೊಸ ಚರ್ಮದ ವಾಸನೆ, ಅದರಡಿಯಲ್ಲಿ ಅಂಟಿನ ವಾಸನೆ. ಕಿಟಕಿ ಅಂಗೈಯಷ್ಟು, ಅದು ತೆರೆಯುವುದೂ ಇಲ್ಲ. ದೂರದಲ್ಲಿ, ಎರಡು ಸಾಲು ಸೀಟುಗಳಾಚೆ, ಹೆಂಡತಿ ಮಗಳು ಸಣ್ಣಗೆ ಕಂಡರು. ಏನೋ ಮಾತಾಡಿಕೊಂಡು ನಗುತ್ತಿದ್ದರು, ಏನೆಂದು ಕೇಳಿಸಲಿಲ್ಲ. ಇಲ್ಲಿ ಕೂರುವವರಿಗೆ ಮುಂದಿನವರ ಮಾತು ಕೇಳಿಸುವುದಿಲ್ಲ. ಅರವತ್ತಮೂರು ವರ್ಷದ ಅಕ್ಕ, ಮೂವತ್ತು ವರ್ಷ ನಿಂತು ನಿಂತು ಮೊಣಕಾಲು ಸವೆಸಿಕೊಂಡವಳು, ಇಲ್ಲಿಗೆ ತೆವಳಿಕೊಂಡು ಬರಬೇಕು. ಮೂಟೆ ಇಡುವ ಜಾಗಕ್ಕೆ ಹೊದಿಕೆ ಹಾಕಿ ಸೀಟು ಎಂದು ಕರೆದಿದ್ದಾರೆ ಅನ್ನಿಸಿತು. ಇಳಿಯಬೇಕೆಂದು ಸೀಟಿನ ಹಿಡಿ ಹುಡುಕಿದ, ಸಿಗಲಿಲ್ಲ. ಇನ್ನೊಂದು ಪಕ್ಕ ತಡಕಿದ. ಬೆವರಿತು. ಕೊನೆಗೆ ಗಾಜು ಬಡಿಯಬೇಕಾಯಿತು. ಶೋರೂಮಿನವನು ಬಂದು ಏನೂ ಆಗಿಲ್ಲವೆಂಬಂತೆ ಸೀಟು ಬಾಗಿಸಿದ. ಅವನು ಮೊದಲು ಕಾಲು, ಆಮೇಲೆ ಪೃಷ್ಠ, ಕೊನೆಗೆ ತಲೆ ಹೊರಹಾಕಿ ನೆಲಕ್ಕಿಳಿದ. ಮಗಳು ಫೋನಿನಲ್ಲಿ ಅದನ್ನೆಲ್ಲ ಹಿಡಿದಿದ್ದಳು. ಅಪ್ಪ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡ್ರು ಎಂದಳು. ಶೋರೂಮಿನ ಬೇರೆ ಗಿರಾಕಿಗಳೂ ನಕ್ಕರು. ಅವನಿಗೆ ಅಂಗಿಯ ಕಾಲರಿನವರೆಗೂ ನಾಚಿಕೆ ಏರಿತು. ಹಾಗಿದ್ದೂ, ದೊಡ್ಡದೇ ಇರಲಿ ಎಂಬ ಮಾತು ಬಾಯಲ್ಲೇ ಇತ್ತು. ಸಣ್ಣದನ್ನೂ ಒಂದು ಸುತ್ತು ಓಡಿಸಿ ನೋಡಿ ಸಾರ್, ಆಮೇಲೆ ನಿಮ್ಮಿಷ್ಟ ಎಂದು ಶೋರೂಮಿನವನು ಕೀಲಿ ಕೊಡಲು ಬಂದ. ಅದು ಕೀಲಿಯೂ ಅಲ್ಲ, ಸಾಬೂನಿನ ಚೂರಿನಂಥದ್ದೊಂದು.

ಹನ್ನೊಂದು ವರ್ಷದ ಹಿಂದೆ, ಅವತ್ತು, ಕೀಲಿ ಲೋಹದ್ದೇ ಆಗಿತ್ತು. ಹಳೆಯ ಕಾರು ಆಗ ಹೊಸದು. ಮಾವ ಅತ್ತೆ ಬಂದಿದ್ದರು. ಎಲ್ಲರೂ ದೊಡ್ಡ ಕೆರೆ ನೋಡಲು ಹೊರಟಿದ್ದರು. ಅಕ್ಕ ಯಾರ ಜೊತೆಗೋ ಪಾಳಿ ಬದಲಾಯಿಸಿಕೊಂಡು, ಮೊದಲ ಬಸ್ಸಿಗೇ ಬಂದು, ಎಲ್ಲರ ಬುತ್ತಿ ಕಟ್ಟಿದಳು. ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ನೀರಿನ ಬಾಟಲಿ ತುಂಬಿ, ಗ್ಯಾಸ್ ಆರಿಸಿ, ಮನೆಗೆ ಬೀಗ ಹಾಕಿ ಬರುವಷ್ಟರಲ್ಲಿ ಉಳಿದವರೆಲ್ಲ ಕೂತಾಗಿತ್ತು: ಮುಂದೆ ಮಾವ, ಹಿಂದೆ ಅತ್ತೆ, ಹೆಂಡತಿ, ಅವಳ ಪಕ್ಕ ಮೂರು ವರ್ಷದ ಮಗಳು. ಅಕ್ಕ ಮಗುವನ್ನು ಸ್ವಲ್ಪ ಒಳಸರಿಸಿ ಅಂಚಿನಲ್ಲಿ ಕೂತು, ಚೀಲ ಮಡಿಲಲ್ಲಿಟ್ಟುಕೊಂಡು, ಬಾಗಿಲು ಎಳೆದುಕೊಂಡಳು. ಬಾಗಿಲು ಮುಚ್ಚಿತು. ಅಷ್ಟರಲ್ಲಿ ಮಾವ, ಇಸ್ತ್ರಿ ಮಾಡಿದ ಅಂಗಿಯ ತೋಳು ನೀವಿಕೊಳ್ಳುತ್ತಾ, ಆರು ಜನಕ್ಕೆ ಅನುಮತಿ ಇದೆಯೇ ಇನ್ಸ್‌ಪೆಕ್ಟರೇ ಎಂದು ತಮಾಷೆಗೆ ಕೇಳಿದರು. ಅವನ ಅಧಿಕಾರಕ್ಕೆ ಮಾವ ಕೊಟ್ಟ ಮೊದಲ ಮರ್ಯಾದೆ ಅದು. ಅದಕ್ಕೆ ತಕ್ಕ ಉತ್ತರ ಕೊಡಬೇಕು ಅನ್ನಿಸಿತು. ಅವನು ಕನ್ನಡಿಯಲ್ಲಿ ಹಿಂದೆ ನೋಡುತ್ತಾ, ಬಾಯಲ್ಲೇ ಟ್ರಿಣ್ ಟ್ರಿಣ್ ಎಂದು ಲಿಫ್ಟಿನ ಗಂಟೆ ಹೊಡೆದ. ಎಲ್ಲರೂ ನಕ್ಕರು. ಗಂಟೆ ಹೊಡೀತಪ್ಪ, ಕೊನೆಗೆ ಹತ್ತಿದವರು ಇಳೀಬೇಕು ಎಂದ. ಇನ್ನೂ ನಕ್ಕರು. ಅಕ್ಕನೂ ನಕ್ಕಳು. ಅವಳು ತಮಾಷೆಯೆಂದೇ ಅಂದುಕೊಂಡಿದ್ದಳು. ಇವನು ಇನ್ನೇನು ಗಾಡಿ ಹೊರಡಿಸುತ್ತಾನೆ ಎಂದು ಕಾದಳು. ಅವನಿಗೂ ಅದು ತಮಾಷೆಯೇ ಆಗಿತ್ತು. ಆದರೆ ಮಾವ ಇನ್ನೂ ಅವನತ್ತಲೇ ನೋಡುತ್ತಿದ್ದರು. ಅವನು ಗಾಡಿ ಹೊರಡಿಸಲಿಲ್ಲ. ಎಷ್ಟು ಹೊತ್ತು? ಎರಡು ಉಸಿರಿನಷ್ಟು. ಅಷ್ಟರಲ್ಲಿ ಅಕ್ಕ ಬಾಗಿಲು ತೆರೆದು ಇಳಿದಾಗಿತ್ತು. ಸರಿ ಮತ್ತೆ, ನಾನು ಮನೆ ನೋಡ್ಕೋತೀನಿ, ಹೋಗ್ಬನ್ನಿ ಎಂದಳು. ಕಾರಿನ ಮೈಗೆ ಎರಡೇಟು ಹಾಕಿ ರೈಟ್ ಎಂದಳು. ತಿರುವಿನವರೆಗೂ ಕನ್ನಡಿಯಲ್ಲಿ ಅವಳ ನಗು ಕಾಣುತ್ತಿತ್ತು. ತಿರುವಿನಲ್ಲಿ ಅದು ಏನಾಯಿತೆಂದು ಅವನಿಗೆ ಗೊತ್ತಾಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಅವನು ನಿಯಮದ ಬೆನ್ನಿಗೆ ಅಡಗಿಕೊಳ್ಳಬಹುದಿತ್ತು. ಐದಕ್ಕೆ ಐದೇ, ತಾನು ಹೇಳಿದ್ದರಲ್ಲಿ ತಪ್ಪೇನು? ಆದರೆ ಕೆರೆಯ ಹತ್ತಿರ ಮಾವನ ಹಳೆಯ ಸ್ನೇಹಿತರೊಬ್ಬರು ಸಿಕ್ಕಿದರು, ಟೊಪ್ಪಿ ಹಾಕಿಕೊಂಡ ಸ್ಥೂಲಕಾಯದವರು. ಅವರೂ ಇತ್ತಲೇ ಬರಬೇಕಿತ್ತು. ಬನ್ನಿ ಬನ್ನಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಆಯ್ತು ಎಂದು ಅವನೇ ಬಾಗಿಲು ತೆರೆದ. ಅಕ್ಕನ ಮಾತು ಅವನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು. ಅಕ್ಕ ಕೂತಿದ್ದ ಅಂಚಿನಲ್ಲೇ ಅವರು ಕೂತರು. ಯಾವ ಗಂಟೆಯೂ ಹೊಡೆಯಲಿಲ್ಲ. ಮನೆಗೆ ಬಂದರೆ ಅಕ್ಕ ನೆಲ ಒರೆಸಿ, ಪಾತ್ರೆ ತೊಳೆದಿಟ್ಟು, ಕೀಲಿಯನ್ನು ಪಕ್ಕದ ಮನೆಗೆ ಕೊಟ್ಟು ಹೊರಟುಹೋಗಿದ್ದಳು. ಮುಂದಿನ ಶನಿವಾರ ಅವಳು ಮಗುವಿನ ಲಂಗಕ್ಕೆ ಹೊಲಿಗೆ ಹಾಕುತ್ತಿರುವಾಗ, ಬರೋವಾಗ ಟೊಪ್ಪಿ ತಾತ ನಮ್ ಜೊತೆ ಕೂತ್ಕೊಂಡ್ರು ಅತ್ತೆ ಎಂದು ಮಗಳು ಹೇಳಿದಳು. ಅವನು ಬಾಗಿಲಲ್ಲಿ ನಿಂತಿದ್ದ. ಅಕ್ಕ ಹೌದಾ ಚಿನ್ನಿ ಎಂದು ದಾರವನ್ನು ಹಲ್ಲಿನಿಂದ ಕಡಿದಳು. ತಲೆ ಎತ್ತಲಿಲ್ಲ. ಆ ಮಾತು ಮಗಳಿಗೆ ನೆನಪಿಲ್ಲ, ಹೆಂಡತಿಗೆ ಗೊತ್ತಿಲ್ಲ. ಅದು ಅಕ್ಕ ತಮ್ಮಂದಿರ ಮಧ್ಯೆ ಹನ್ನೊಂದು ವರ್ಷ ಊಟಕ್ಕೆ ಕೂತಿದೆ, ಟಿವಿ ನೋಡಿದೆ, ಬಸ್ಸಿನ ನಿಲ್ದಾಣದವರೆಗೆ ನಡೆದಿದೆ.

ಸಣ್ಣ ಕಾರಿನಲ್ಲಿ ಗುಂಡಿ ಒತ್ತಿದ ಮೇಲೆ ಏನೂ ಆಗಲಿಲ್ಲ. ಮತ್ತೆ ಒತ್ತಲು ಹೋದಾಗ ಪಕ್ಕದಲ್ಲಿ ಕೂತ ಶೋರೂಮಿನವನು ಆನ್ ಆಗಿದೆ ಸಾರ್ ಎಂದ. ಇಂಜಿನ್ನಿನ ಸದ್ದೇ ಇಲ್ಲ. ಕಾಲು ಸಡಿಲಿಸಿದರೆ ಶೋರೂಮಿನ ಕಂಬಗಳು ತಾವಾಗಿ ಹಿಂದೆ ಸರಿಯತೊಡಗಿದವು. ರಸ್ತೆಗೆ ಬಂದರೂ ಹಾಗೆಯೇ. ಚಕ್ರದ ಕೆಳಗೆ ಮರಳು ಚುರುಗುಡುವುದು, ಹಿಂದೆ ಮಗಳು ಬಬಲ್ ಗಮ್ ಅಗಿಯುವುದು, ಹೆಂಡತಿಯ ಬಳೆ ಕಿಟಕಿಗೆ ತಾಗುವುದು, ಎಲ್ಲವೂ ಕೇಳುತ್ತಿದ್ದವು. ಬೀದಿ ಮಾತು ನಿಲ್ಲಿಸಿ ತನ್ನನ್ನೇ ನೋಡುತ್ತಿದೆ ಅನ್ನಿಸಿತು. ಬೀಗ ರಿಪೇರಿಯವನು ಕಲ್ಲಿನ ಮೇಲೆ ಕೂತು ಆಕಳಿಸಿದ. ಆ ಆಕಳಿಕೆ ಮುಗಿಯುವವರೆಗೂ ಕಾರು ಅವನ ಎದುರೇ ಇದ್ದಂತಿತ್ತು. ಪೆಟ್ರೋಲ್ ಇಂಜಿನ್ ಬೇಕಾದಾಗ ತಾನೇ ಹತ್ತಿಕೊಳ್ಳುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ ಎಂದು ಶೋರೂಮಿನವನು ಹೇಳುತ್ತಿದ್ದ. ಹಿಂದಿನ ಸೀಟಿನಲ್ಲಿ ಹೆಂಡತಿ ಒಂದು ಕಿಟಕಿಗೆ, ಮಗಳು ಇನ್ನೊಂದಕ್ಕೆ. ಇಬ್ಬರ ನಡುವೆ ಒಂದು ಗೇಣು ಎತ್ತರಿಸಿದ ನಡುಸೀಟು. ಅದರ ಮೇಲೆ ಶೋರೂಮಿನವನ ಕಾಗದದ ಚೀಲ ಕೂತಿತ್ತು. ಕನ್ನಡಿಯಲ್ಲಿ ಅದು ಕಂಡಾಗಲೆಲ್ಲ ಅವನು ಕಣ್ಣು ತಪ್ಪಿಸಿದ. ಸರ್ಕಲ್ಲಿನಲ್ಲಿ ಎಡಕ್ಕೆ ತಗೊಳ್ಳಿ ಸಾರ್, ಶೋರೂಮಿಗೆ ವಾಪಸ್ ಹಾಗೆ ಎಂದದ್ದು ಕೇಳಿಸಿತು. ಡ್ಯಾಶ್‌ಬೋರ್ಡಿನ ಗಡಿಯಾರ ಹನ್ನೆರಡೂ ಹತ್ತು ತೋರಿಸುತ್ತಿತ್ತು. ಹನ್ನೆರಡೂ ಕಾಲಿಗೆ ಅಕ್ಕನ ನಿಲ್ದಾಣಕ್ಕೆ ಬಸ್ಸು. ಅವನ ಕೈ ಬಲಕ್ಕೆ ತಿರುಗಿಸಿತು. ಹೆಂಡತಿ ಈ ಕಡೆ ಯಾಕ್ರೀ ಎಂದವಳು, ಮುಂದೆ ಅಕ್ಕನ ಬೀದಿಯ ಗುರುತು ಹತ್ತಿ ಸೀಟಿಗೆ ಒರಗಿದಳು.

ಅಕ್ಕ ನಿಲ್ದಾಣದ ಕಂಬಕ್ಕೆ ಒರಗದೆ, ಒಂದು ಹೆಜ್ಜೆ ಮುಂದೆ ನಿಂತಿದ್ದಳು. ಯಾವಾಗಲೂ ಹಾಗೆಯೇ ನಿಲ್ಲುವುದು. ಕೈಯಲ್ಲಿ ಬಟ್ಟೆಯ ಚೀಲ. ಇನ್ನೊಂದು ಕೈಯಲ್ಲಿ ಆಗಲೇ ತೆಗೆದಿಟ್ಟುಕೊಂಡ ಪಾಸು. ಸದ್ದಿಲ್ಲದೆ ಬಂದು ಎದುರು ನಿಂತ ಕಾರನ್ನು ಅವಳು ಗಮನಿಸಲಿಲ್ಲ. ಅದರ ಮೇಲಿಂದ ಬಸ್ಸಿನ ದಾರಿ ನೋಡುತ್ತಿದ್ದಳು. ಅವನಿಗೆ ಆ ಮುಖ ಪೂರ್ತಿ ಕಂಡಿತು. ನಗದ ಮುಖ. ಬಾಗಿಲು ಮುಚ್ಚಿದ ಮೇಲಿನ ಮುಖ ಇದೇ ಇರಬೇಕು. ಅದರಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇದ್ದಂತಿರಲಿಲ್ಲ. ದಣಿದ, ಸುಮ್ಮನೆ ಕಾಯುವ, ವಯಸ್ಸಾದ ಒಂದು ಮುಖ. ಅಷ್ಟರಲ್ಲಿ ಮಗಳು ಗಾಜು ಇಳಿಸಿ ಅತ್ತೇ ಎಂದು ಕೂಗಿದಳು. ಅಕ್ಕ ಬಗ್ಗಿ ನೋಡಿ, ಅಯ್ಯೋ ನೀವಾ, ಇದೇನು ಗಾಳಿ ಥರ ಬಂದು ನಿಂತಿದೀರಲ್ಲ ಎಂದು ನಕ್ಕಳು. ಕಾರಿನ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿದಳು. ಎರಡು, ಎರಡು, ನಾಲ್ಕು ಎಂದು ಆ ಕಣ್ಣು ಎಣಿಸಿದ್ದು ಅವನಿಗೆ ಗೊತ್ತಾಯಿತು. ನೀವು ಹೋಗಿರಿ, ಬಸ್ಸು ಬಂತು, ನನಗೆ ಪಾಸಿದೆ ಎಂದಳು. ನಿಜವಾಗಿಯೂ ಬಸ್ಸು ಬಂದಿತ್ತು. ಕನ್ನಡಿಯ ತುಂಬ ಅದರ ಮುಖ. ನಿಲ್ದಾಣದ ಜಾಗದಲ್ಲಿ ಕಾರು ನಿಂತದ್ದಕ್ಕೆ ಡ್ರೈವರ್ ಹಾರ್ನ್ ಬಾರಿಸಿದ. ಶೋರೂಮಿನವನು ಸಾರ್ ಎಂದ.

ಅವನು ಇಳಿದ. ಕಾರನ್ನು ಸುತ್ತಿ ಬಂದು ಹಿಂಬಾಗಿಲು ತೆರೆದು ಹಿಡಿದುಕೊಂಡ. ಕನಸಿನಲ್ಲಿ ಈ ಬಾಗಿಲು ಇದಕ್ಕಿಂತ ದೊಡ್ಡದಾಗಿತ್ತು.

"ಹತ್ತು ಅಕ್ಕ."

ಅಕ್ಕ ಬಾಗಿಲೊಳಗೆ ನೋಡಲಿಲ್ಲ. ಅವನ ಮುಖವನ್ನೇ ನೋಡಿದಳು. "ಜಾಗ ಇದೆಯೇನೋ ಮರಿ?" ಎಂದು ಕೇಳಿದಳು.

ತಮಾಷೆಯ ದನಿಯಲ್ಲ ಅದು. ಹನ್ನೊಂದು ವರ್ಷದಲ್ಲಿ ಅವಳು ಅವನನ್ನು ಕೇಳಿದ ಪ್ರಶ್ನೆಗಳಲ್ಲೆಲ್ಲ ಇದೊಂದನ್ನೇ ಉತ್ತರಕ್ಕಾಗಿ ಕೇಳಿದಂತಿತ್ತು. ಐದು ಸೀಟು, ಐದನೆಯವಳು ನೀನು, ನಿಯಮಕ್ಕೆ ಸರಿಯಾಗಿದೆ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದೂ ಅದೇ. ಅದನ್ನು ಹೇಳಿದರೆ ಅವತ್ತಿನದೂ ನಿಯಮವೇ ಆಗಿತ್ತೆಂದು ಹೇಳಿದಂತೆ ಎಂದು ಹೊಳೆದು ಬಾಯಿ ಮುಚ್ಚಿಕೊಂಡ. ಹಿಂದೆ ಬಸ್ಸು ಮತ್ತೆ ಬಾರಿಸಿತು. ಅವನು ಬಾಗಿ, ಕಾಗದದ ಚೀಲ ಎತ್ತಿ ಮುಂದಕ್ಕೆ ಕೊಟ್ಟ. ಹೆಂಡತಿ ಇಳಿದು ದಾರಿ ಬಿಟ್ಟಳು. ಅಕ್ಕ ಪಾಸನ್ನು ಚೀಲಕ್ಕೆ ಹಾಕಿಕೊಂಡಳು. ನೋಯುವ ಮೊಣಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟು, ಸರಿದು, ಎತ್ತರದ ನಡುಸೀಟಿನಲ್ಲಿ ಕೂತಳು. ಹೆಂಡತಿ ಅವಳ ಪಕ್ಕ ಕೂತಳು. ಅವನು ಹೊರಗಿನಿಂದ ಬಾಗಿಲು ತಳ್ಳಿದ. ಬಾಗಿಲು ಮುಚ್ಚಿತು.

ಮುಂದೆ ಬಂದು ಕೂತು ಕನ್ನಡಿ ನೋಡಿದ. ಅದರ ನಟ್ಟನಡುವೆ ಅಕ್ಕ. ಮಗಳು ಆಗಲೇ ಅವಳ ತೋಳಿಗೆ ಒರಗಿದ್ದಳು. ಅಕ್ಕ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಸೀಟಿನ ಮೇಲೆ ಅಂಗೈ ಇಟ್ಟು ಅಳತೆ ಮಾಡಿದಳು. "ಇಷ್ಟು ಜಾಗದಲ್ಲಿ ನಾನು ಇಬ್ಬರನ್ನ ಕೂರಿಸ್ತಿದ್ದೆ" ಎಂದಳು. ಮಗಳು ನಕ್ಕಳು. ಆಮೇಲೆ ಅಕ್ಕ ಕನ್ನಡಿಯೊಳಗಿಂದ ಅವನ ಕಣ್ಣಿಗೆ ಕಣ್ಣು ಕೊಟ್ಟು, ಮನೆಯ ಮಾತು ಹೇಳುವಷ್ಟೇ ಮೆಲ್ಲಗೆ ಹೇಳಿದಳು:

"ಅವತ್ತು ಇಷ್ಟೂ ಬೇಕಾಗಿರಲಿಲ್ಲ. ನಾನು ಕೂತಾಗಿತ್ತಲ್ಲೋ ಮರಿ. ಬಾಗಿಲೂ ಮುಚ್ಚಿತ್ತು."

ಇಂಜಿನ್ನಿನ ಸದ್ದಾದರೂ ಇದ್ದಿದ್ದರೆ ಅದರಡಿಯಲ್ಲಿ ಅಡಗಬಹುದಿತ್ತು, ಅದೂ ಇರಲಿಲ್ಲ. ಮೂರು ತಿಂಗಳು ತಾನು ಹಠ ಹಿಡಿದದ್ದು ಯಾತಕ್ಕೆಂದು ಅವನಿಗೆ ಈಗ ಕಂಡಿತು. ಏಳು ಸೀಟಿನದನ್ನು ಕೊಂಡರೆ ಅವತ್ತು ಜಾಗ ಇರಲಿಲ್ಲ ಎಂಬುದು ನಿಜವಾಗುತ್ತಿತ್ತು. ತಪ್ಪೆಲ್ಲ ಹಳೆಯ ಕಾರಿನದಾಗುತ್ತಿತ್ತು; ಆ ಕಾರನ್ನಂತೂ ಮೊನ್ನೆಯೇ ಕೊಟ್ಟಾಗಿತ್ತು.

"ಮುಚ್ಚಿತ್ತು ಅಕ್ಕ" ಎಂದ. ದನಿ ತನ್ನದಲ್ಲವೆಂಬಂತೆ ಕೇಳಿಸಿತು. "ಗಂಟೆ ಹೊಡೆದಿದ್ದು ನಾನೇ. ಬರೋವಾಗ ಅದೇ ಜಾಗದಲ್ಲಿ ಇನ್ನೊಬ್ಬರನ್ನ ಕೂರಿಸ್ಕೊಂಡು ಬಂದೆ."

"ಗೊತ್ತು" ಎಂದಳು ಅಕ್ಕ.

ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದವಳು ತಿರುಗಿ ಅಕ್ಕನ ಮಡಿಲಲ್ಲಿದ್ದ ಚೀಲವನ್ನು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅಕ್ಕನ ಎರಡು ಕೈಗಳೂ ಬರಿದಾದವು. ಆ ಕೈಗಳನ್ನು ಎಲ್ಲಿಡುವುದೆಂದು ತಿಳಿಯದವಳಂತೆ ಅವಳು ಸ್ವಲ್ಪ ಹೊತ್ತು ನೋಡಿಕೊಂಡಳು. ಅವಳ ಕಣ್ಣುಗಳು ತುಂಬಿದ್ದವು, ಒರೆಸಿಕೊಳ್ಳಲಿಲ್ಲ. ಹಿಂದೆ ಬಸ್ಸು ಉದ್ದಕ್ಕೆ ಒಂದು ಹಾರ್ನ್ ಹಾಕಿತು. ತಾನು ಮೂವತ್ತು ವರ್ಷ ಜೊತೆಯಲ್ಲೇ ಬಾಳಿದ ಸದ್ದು ಕೇಳಿ ಅಕ್ಕನ ಬೆನ್ನು ನೆಟ್ಟಗಾಯಿತು. ಮುಂದೆ ಬಾಗಿ ಅವನ ಸೀಟಿನ ಬೆನ್ನಿಗೆ ಅಂಗೈಯಿಂದ ಎರಡೇಟು ಹಾಕಿದಳು.

"ರೈಟ್."

ಆ ಎರಡೇಟು ಸೀಟಿನ ಮೂಲಕ ಅವನ ಬೆನ್ನಿಗೆ ತಾಗಿದವು. ಅವನು ಬ್ರೇಕಿನಿಂದ ಕಾಲು ತೆಗೆದ. ಯಾವ ಕಾರು ಎಂದು ಶೋರೂಮಿನವನಿಗೆ ಹೇಳುವುದು ಇನ್ನೂ ಬಾಕಿಯಿತ್ತು. ಅವನೂ ಕಾಗದದ ಚೀಲವನ್ನು ಎದೆಗೆ ಅವುಚಿಕೊಂಡು ಕೇಳುವ ಧೈರ್ಯವಿಲ್ಲದೆ ಕೂತಿದ್ದ. ಇದೇ ಸಾಕು ಎಂದು ಅವನಿಗೆ ಮೆಲ್ಲಗೆ ಹೇಳಿದ. ನಿಲ್ದಾಣದ ಕಂಬ, ಬೆಂಚು, ಕಾಯುತ್ತಿದ್ದ ನಾಲ್ಕಾರು ಜನ ಒಬ್ಬೊಬ್ಬರಾಗಿ ಹಿಂದೆ ಸರಿದರು. ಸ್ವಲ್ಪ ಹೊತ್ತಾದ ಮೇಲೆ, ಇಂಜಿನ್ನಿನ ಸದ್ದಿಗಾಗಿ ಕಿವಿಗೊಟ್ಟು ಕೂತಿದ್ದ ಅಕ್ಕ ಕೇಳಿದಳು, "ಯಾಕೋ, ಹೊರಡಲ್ವಾ?"

"ಹೊರಟಾಯ್ತು ಅಕ್ಕ" ಎಂದ ಅವನು.

ಅವಳು ನಂಬದೆ ಕಿಟಕಿಯಾಚೆ ನೋಡಿದಳು. ಆಮೇಲೆ, ಬಸ್ಸಿನಲ್ಲಿ ಕಂಬಿ ಹಿಡಿದುಕೊಳ್ಳುವಂತೆ, ಅವನ ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು.